ರಸ್ತೆ ಬಂದ್, ಬೋರ್ಡ್ ಮಾತ್ರ ಇಲ್ಲ

ವಿಜಯದಶಮಿ ದಿನ ಮೈಸೂರಲ್ಲಿ ಜಂಬೂಸವಾರಿ ಸಾಗುವ ದಾರಿ ಪೂರ್ತಿ ಬಂದ್ ಆಗಿರುತ್ತೆ. ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ಸರ್ಕಲ್, ಬಂಬೂ ಬಜಾರ್, ಹೈವೇ ಸರ್ಕಲ್ ದಾಟಿ ಬನ್ನಿಮಂಟಪ ಮುಟ್ಟೋ ತನಕ ಸುಮಾರು ಐದು ಕಿಲೋಮೀಟರ್ ನಮ್ಮ ಗಾಡಿ ಹೋಗೋ ಹಾಗಿಲ್ಲ. ಹಾಗಂತ ಯಾರೂ ಬೈಕೊಂಡು ಕೂರಲ್ಲ. ಯಾವ ರಸ್ತೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಬದಲಿ ದಾರಿ ಯಾವುದು, ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನೋದೆಲ್ಲ ಪೊಲೀಸರು ಮುಂಚೇನೇ ಪೇಪರಿಗೆ ಕೊಟ್ಟಿರ್ತಾರೆ. ಬ್ಯಾರಿಕೇಡ್ ಹತ್ತಿರ ಒಬ್ಬರು ನಿಂತು "ಆ ಕಡೆಯಿಂದ ಹೋಗಿ" ಅಂತ ಕೈ ತೋರಿಸ್ತಾರೆ.

ಅದೇ ಬನ್ನಿಮಂಟಪದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಷವಿಡೀ ಬಂದ್ ಇರೋ ಇನ್ನೊಂದು ದಾರಿಯನ್ನ ನಾನು ನೋಡಿದೆ. ಅದಕ್ಕೆ ಪ್ರಕಟಣೆ ಇಲ್ಲ, ಬ್ಯಾರಿಕೇಡ್ ಇಲ್ಲ, ಕೈ ತೋರಿಸುವವರೂ ಇಲ್ಲ. ಅದು ಇಂಟರ್ನೆಟ್ಟಿನ 25ನೇ ಪೋರ್ಟ್. ಮೇಲ್ ಸರ್ವರ್‌ಗಳು ಒಂದಕ್ಕೊಂದು ಪತ್ರ ದಾಟಿಸೋ ದಾರಿ. ಮನೆಗೆ, ಸಣ್ಣ ಆಫೀಸಿಗೆ ಕೊಡುವ ಬ್ರಾಡ್‌ಬ್ಯಾಂಡ್‌ನಲ್ಲಿ ಇದನ್ನ ಮುಚ್ಚೋದು ಜಗತ್ತಿನ ಎಷ್ಟೋ ಕಡೆ ರೂಢಿ. ಮುಚ್ಚಿದ್ದನ್ನ ನಾನು ಒಪ್ತೀನಿ. ಮುಚ್ಚಿರೋ ರೀತಿಯನ್ನ ಒಪ್ಪಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡದೇ ಇರೋದ್ರಿಂದಲೇ ಈ ವಿಷಯದ ಚರ್ಚೆ "ಕಂಪನಿಯವರು ಕಳ್ಳರು" ಅಥವಾ "ನಿನಗ್ಯಾಕಪ್ಪಾ ಸ್ವಂತ ಮೇಲ್ ಸರ್ವರ್" ಅನ್ನೋ ಎರಡು ಮಾತಲ್ಲಿ ಮುಗಿದುಹೋಗುತ್ತೆ.

ಮೊದಲು ಮುಚ್ಚಿದವರ ಪರವಾಗಿ

ಇಮೇಲ್ ದಾಟಿಸುವ ನಿಯಮಾವಳಿ ಎಸ್‌ಎಂಟಿಪಿ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಅದರ ಮೂಲ. ಆಗ ಒಬ್ಬರಿಗೊಬ್ಬರು ಗೊತ್ತಿದ್ದ ವಿಶ್ವವಿದ್ಯಾಲಯಗಳ, ಪ್ರಯೋಗಾಲಯಗಳ ಯಂತ್ರಗಳಷ್ಟೇ ನೆಟ್‌ವರ್ಕಿನಲ್ಲಿದ್ದವು. "ನೀನು ಯಾರು" ಅಂತ ಕೇಳೋ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಯಾವ ಯಂತ್ರ ಬೇಕಾದರೂ ಯಾವ ಯಂತ್ರದ 25ನೇ ಬಾಗಿಲನ್ನಾದರೂ ತಟ್ಟಿ, ಯಾರ ಹೆಸರಲ್ಲಿ ಬೇಕಾದರೂ ಪತ್ರ ಕೊಟ್ಟು ಬರಬಹುದಿತ್ತು. ನಮ್ಮ ಹಳ್ಳಿಗಳಲ್ಲಿ ಹಗಲೊತ್ತು ಯಾರೂ ಬಾಗಿಲು ಹಾಕ್ತಿರಲಿಲ್ಲ ಅಂತಾರಲ್ಲ, ಹಾಗೆ.

ಆಮೇಲೆ ಊರು ಬೆಳೀತು. 2000ದ ದಶಕದಲ್ಲಿ ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳೇ ಸ್ಪ್ಯಾಮ್ ಕಾರ್ಖಾನೆಗಳಾದವು. ಮನೆಯವರು ಟಿವಿ ನೋಡ್ತಾ ಕೂತಿದ್ರೆ ಮೂಲೆಯ ಪಿಸಿ ರಾತ್ರಿಯಿಡೀ ಸಾವಿರಾರು ಮೇಲ್ ಕಳಿಸ್ತಾ ಇರ್ತಿತ್ತು. ಅವಕ್ಕೆಲ್ಲ ಹೊರಗೆ ಹೋಗೋಕೆ ಇದ್ದ ದಾರಿ ಈ 25. ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ: ಸ್ಪ್ಯಾಮ್ ಹೊರಡುವ ದೇಶಗಳ ಬಗ್ಗೆ ಸೋಫೋಸ್ ಕಂಪನಿ ಮೂರು ತಿಂಗಳಿಗೊಮ್ಮೆ ಹಾಕ್ತಿದ್ದ ಪಟ್ಟಿಯಲ್ಲಿ 2012ರ ಮೊದಲ ತ್ರೈಮಾಸಿಕಕ್ಕೆ ಭಾರತ ಅಮೆರಿಕವನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು.

ಆದ್ದರಿಂದ ಮನೆ ಕನೆಕ್ಷನ್‌ನಿಂದ 25ನ್ನು ಮುಚ್ಚಿ ಅನ್ನೋದು ಯಾರೋ ದುರಾಸೆಯ ಮ್ಯಾನೇಜರ್ ಮಾಡಿದ ಉಪಾಯ ಅಲ್ಲ. ಸ್ಪ್ಯಾಮ್ ವಿರುದ್ಧ ಕೆಲಸ ಮಾಡೋ ತಜ್ಞರೇ ಕೊಟ್ಟ ಸಲಹೆ. ಆದರೆ ಅದರ ಜೊತೆಗೇ ಒಂದು ಬದಲಿ ದಾರಿಯನ್ನೂ ಅವರು ಮಾಡಿಕೊಟ್ಟರು. 1998ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2476, 587ನೇ ಪೋರ್ಟನ್ನು ಬೇರೆಯಾಗಿ ಎತ್ತಿಟ್ಟಿತು. ವ್ಯತ್ಯಾಸ ಸುಲಭ. 25 ಅನ್ನೋದು ಒಂದು ಅಂಚೆ ಕಚೇರಿಯಿಂದ ಇನ್ನೊಂದು ಅಂಚೆ ಕಚೇರಿಗೆ ಚೀಲ ಹೋಗೋ ದಾರಿ. 587 ಅನ್ನೋದು ಗಿರಾಕಿ ಬಂದು ಪತ್ರ ಕೊಡೋ ಕೌಂಟರ್. ಕೌಂಟರಿನಲ್ಲಿ ಹೆಸರು, ಪಾಸ್‌ವರ್ಡ್ ಕೇಳ್ತಾರೆ. 2007ರ ನವೆಂಬರ್‌ನ ಆರ್‌ಎಫ್‌ಸಿ 5068 ಇನ್ನೂ ಖಡಕ್ಕಾಗಿ ಹೇಳಿತು: ಇಂಟರ್ನೆಟ್ ಕೊಡುವವರು ಹೊರಗಿನ 587ಕ್ಕೆ ಹೋಗುವ ಗ್ರಾಹಕರನ್ನು ತಡೆಯಲೇಬಾರದು. 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 ಬಂದು, ಮೊದಲ ಮಾತಿನಿಂದಲೇ ಗೂಢಲಿಪಿಯಲ್ಲಿ ನಡೆಯೋ 465ನ್ನೂ ಇದೇ ಕೆಲಸಕ್ಕೆ ಶಿಫಾರಸು ಮಾಡಿತು.

ಬ್ರೆಜಿಲ್ ಇದನ್ನ ಮಾಡಿದ ಕ್ರಮ ನೋಡಬೇಕು. ಒಂದು ಕಾಲಕ್ಕೆ ಸ್ಪ್ಯಾಮ್ ಪಟ್ಟಿಗಳ ತುದಿಯಲ್ಲಿದ್ದ ದೇಶ ಅದು. ಅಲ್ಲಿನ ಇಂಟರ್ನೆಟ್ ಸಮಿತಿ ಸಿಜಿಐ, ಟೆಲಿಕಾಂ ನಿಯಂತ್ರಕ ಅನಾಟೆಲ್, ಕಂಪನಿಗಳ ಸಂಘಗಳು ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡವು. "ನಿಮ್ಮ ಮೇಲ್ ಪ್ರೋಗ್ರಾಮಿನಲ್ಲಿ 25 ಇದ್ದರೆ 587 ಮಾಡ್ಕೊಳ್ಳಿ" ಅಂತ ಜನರಿಗೆ ಮೊದಲು ಹೇಳಿದರು. ಆಮೇಲೆ, 2012-13ರ ಹೊತ್ತಿಗೆ, ಮುಚ್ಚಿದರು. ಪಟ್ಟಿಯಲ್ಲಿ ದೇಶ ಕೆಳಗೆ ಇಳಿಯಿತು. ಅಂದರೆ ಬೋರ್ಡ್ ಹಾಕಿ ಮುಚ್ಚೋಕೂ ಆಗುತ್ತೆ.

ಐದು ದಿನದ ಮೌನ

ಬನ್ನಿಮಂಟಪದ ಕೇಸು ಹೀಗೆ. ನಮ್ಮೂರ ಕಡೆಯವರೊಬ್ಬರು ಅಲ್ಲಿ ರಟ್ಟಿನ ಡಬ್ಬ ಮಾಡೋ ಸಣ್ಣ ಘಟಕ ನಡೆಸ್ತಾರೆ. ಆಫೀಸಿನ ಹಳೇ ಡೆಸ್ಕ್‌ಟಾಪಿನಲ್ಲಿ ಡೆಬಿಯನ್, ಅದರ ಮೇಲೆ ಪೋಸ್ಟ್‌ಫಿಕ್ಸ್, ಡವ್‌ಕಾಟ್. ತಲೆಗಿಷ್ಟು ಅಂತ ತಿಂಗಳ ಬಾಡಿಗೆ ಕಟ್ಟೋ ಬದಲು ಯಾರೋ ಹುಡುಗ ಕೂರಿಸಿಕೊಟ್ಟಿದ್ದ ಏರ್ಪಾಡು. ಒಳಗೆ ಬರೋ ಮೇಲ್ ಡೊಮೈನ್ ಮಾರಿದ ಹೋಸ್ಟಿಂಗ್ ಕಂಪನಿಯ ಪೆಟ್ಟಿಗೆಗೆ ಬಂದು ಬೀಳುತ್ತೆ, ಆಫೀಸಿನ ಯಂತ್ರ ಐದು ನಿಮಿಷಕ್ಕೊಮ್ಮೆ ಹೋಗಿ ಎತ್ಕೊಂಡು ಬರುತ್ತೆ. ಹೊರಗೆ ಹೋಗೋ ಮೇಲ್ ಮಾತ್ರ ಇಲ್ಲಿಂದಲೇ ನೇರ. ಹಳೇ ಸ್ಟ್ಯಾಟಿಕ್ ಐಪಿ ಲೈನಿನಲ್ಲಿ ಇದು ವರ್ಷಗಟ್ಟಲೆ ಚೆನ್ನಾಗೇ ನಡೀತಿತ್ತು.

ಆಮೇಲೆ ಬೇರೆ ಕಂಪನಿಯವರು ಬಂದು ಕಮ್ಮಿ ದುಡ್ಡಿಗೆ ಫೈಬರ್ ಎಳೆದರು. ಪಾಂಪ್ಲೆಟ್‌ನಲ್ಲಿ "ಅನ್‌ಲಿಮಿಟೆಡ್" ಅಂತ ದೊಡ್ಡದಾಗಿ ಇತ್ತು. ಸ್ಪೀಡೂ ಬಂತು. ಬರೋ ಮೇಲೆಲ್ಲ ಬರ್ತಾನೇ ಇದ್ದಿದ್ರಿಂದ ಯಾರಿಗೂ ಅನುಮಾನ ಬರಲಿಲ್ಲ. ಒಂದು ಸೋಮವಾರ ಕೊಟೇಶನ್ ಕಳಿಸಿದರು. ಕಡೇ ದಿನ ಗುರುವಾರ. ಸೆಂಟ್ ಫೋಲ್ಡರಿನಲ್ಲಿ ಮೇಲ್ ಅಚ್ಚುಕಟ್ಟಾಗಿ ಕೂತಿತ್ತು. ತಲುಪಿಲ್ಲ ಅನ್ನೋ ಸುದ್ದಿ ಬಂದಿದ್ದು ಶನಿವಾರ.

"ಕಳ್ಸಿದೀನಿ ಅಂತಾನೇ ತೋರಿಸ್ತಿದೆ ಕಣಪ್ಪ. ಅವ್ರು ಬಂದೇ ಇಲ್ಲ ಅಂತಾರೆ. ಈಗ ಸುಳ್ಳು ಹೇಳಿದೋನು ನಾನಾದೆ" ಅಂದರು ಅಣ್ಣ. ಆರ್ಡರ್ ಹೋಗಿದ್ದಕ್ಕಿಂತ ಆ ಮಾತು ಅವರಿಗೆ ಹೆಚ್ಚು ಚುಚ್ಚಿತ್ತು.

ಈ ಐದು ದಿನ ಎಲ್ಲಿಂದ ಬಂತು ಅನ್ನೋದೇ ಇಡೀ ವಿಷಯದ ತಿರುಳು. ಎಸ್‌ಎಂಟಿಪಿ ತಾಳ್ಮೆಯ ವ್ಯವಸ್ಥೆ. ಎದುರಿನ ಸರ್ವರ್ ಸಿಗದಿದ್ದರೆ ಪತ್ರವನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು, ಕನಿಷ್ಠ ನಾಲ್ಕೈದು ದಿನ ಕೈಬಿಡಬಾರದು ಅಂತ ನಿಯಮವೇ ಹೇಳುತ್ತೆ. ಪೋಸ್ಟ್‌ಫಿಕ್ಸ್‌ನಲ್ಲಿ ಈ ಅವಧಿ ಮೊದಲಿಂದಲೇ ಐದು ದಿನ. "ಇನ್ನೂ ತಲುಪಿಲ್ಲ, ಪ್ರಯತ್ನ ನಡೀತಿದೆ" ಅಂತ ಕಳಿಸಿದವರಿಗೆ ಎಚ್ಚರಿಕೆ ಕೊಡುವ ಸೌಲಭ್ಯವೂ ಇದೆ, ಆದರೆ ನಾವೇ ಕೇಳದಿದ್ದರೆ ಅದು ಆಫ್. ಕರೆಂಟ್ ಹೋದಾಗ, ಎದುರಿನ ಸರ್ವರ್ ಕೆಟ್ಟಾಗ ಈ ತಾಳ್ಮೆ ವರದಾನ. ಯಾವತ್ತೂ ತೆರೆಯದ ಬಾಗಿಲ ಮುಂದೆ ಇದೇ ತಾಳ್ಮೆ ಶಾಪ.

ಇಲ್ಲಿ ಕಂಪನಿಯವರು ಮಾಡಿದ ಆಯ್ಕೆ ಒಂದಿದೆ. ಫೈರ್‌ವಾಲ್‌ನಲ್ಲಿ ದಾರಿ ಮುಚ್ಚೋಕೆ ಎರಡು ವಿಧಾನ. ಒಂದು ಡ್ರಾಪ್: ಬಂದ ಪ್ಯಾಕೆಟ್ಟನ್ನ ಸದ್ದಿಲ್ಲದೆ ನುಂಗಿಬಿಡೋದು. ಇನ್ನೊಂದು ರಿಜೆಕ್ಟ್: "ಇಲ್ಲಿ ಹೋಗೋ ಹಾಗಿಲ್ಲ" ಅಂತ ವಾಪಸ್ ಹೇಳೋದು. ಹಾಗೆ ಹೇಳೋಕೆ ಐಸಿಎಂಪಿಯಲ್ಲಿ ಒಂದು ಸಂದೇಶವೇ ಇದೆ, ಟೈಪ್ 3, ಕೋಡ್ 13. ಆಡಳಿತಾತ್ಮಕವಾಗಿ ನಿಷೇಧಿಸಲಾಗಿದೆ ಅನ್ನೋದು ಅದರ ಅರ್ಥ. ಹಾಗೆ ಹೇಳಿದ್ದರೂ ಪೋಸ್ಟ್‌ಫಿಕ್ಸ್ ಪತ್ರವನ್ನ ಸರದಿಯಲ್ಲೇ ಇಡುತ್ತಿತ್ತು, ನಿಜ. ಆದರೆ ಲಾಗಿನಲ್ಲಿ ಮೂವತ್ತು ಸೆಕೆಂಡ್ ಕಾದು "ಟೈಮ್ಡ್ ಔಟ್" ಅನ್ನೋ ಬದಲು ತಕ್ಷಣ "ದಾರಿ ಇಲ್ಲ" ಅಂತ ಬರುತ್ತಿತ್ತು. ಪ್ಯಾಕೆಟ್ ಹಿಡಿದು ನೋಡಿದರೆ ತಡೆದಿದ್ದು ಯಾವ ರೂಟರ್ ಅನ್ನೋದೂ ಕಾಣುತ್ತಿತ್ತು. ಟೈಮ್ಡ್ ಔಟ್ ಅಂದರೆ ಕಾರಣ ಏನು ಬೇಕಾದರೂ ಇರಬಹುದು. ಎದುರಿನ ಸರ್ವರ್ ಸತ್ತಿರಬಹುದು, ಕೇಬಲ್ ಕಿತ್ತಿರಬಹುದು, ನಮ್ಮದೇ ಫೈರ್‌ವಾಲ್ ಇರಬಹುದು. ಹಾಗಾಗಿ ಬಡಪಾಯಿ ಅಡ್ಮಿನ್ ಎರಡು ದಿನ ತನ್ನ ಸೆಟ್ಟಿಂಗ್ ಅನ್ನೇ ಕೆದಕುತ್ತಾ ಕೂರ್ತಾನೆ. "ಇಲ್ಲ" ಅನ್ನೋದೂ ಒಂದು ಉತ್ತರ. ಅದನ್ನೂ ಕೊಡದೇ ಇರೋದು ಗ್ರಾಹಕನ ಸಮಯವನ್ನ ಪುಕ್ಕಟೆಯಾಗಿ ತಿನ್ನೋದು.

ಕಸ್ಟಮರ್ ಕೇರಿಗೆ ಫೋನ್ ಮಾಡಿದ್ವಿ. "ಬ್ರೌಸಿಂಗ್ ಆಗ್ತಿದೆಯಾ ಸಾರ್?" ಆಗ್ತಿದೆ. "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್." 25ನೇ ಪೋರ್ಟ್ ಬ್ಲಾಕ್ ಆಗಿದೆ ಅಂದ್ವಿ. "ಪೋರ್ಟ್ ಅಂದ್ರೆ ರೂಟರ್ ಹಿಂದೆ ಹಳದಿ ಕಲರ್‌ದಾ ಸಾರ್?" ಆ ಹುಡುಗನದ್ದೇನೂ ತಪ್ಪಿಲ್ಲ, ಅವನ ಮುಂದಿರೋ ಪಟ್ಟಿಯಲ್ಲಿ ಈ ಪ್ರಶ್ನೆಯೇ ಇಲ್ಲ. ಸಂಜೆ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ.

ಬದಲಿ ದಾರಿ

ಪರೀಕ್ಷೆ ಎರಡೇ ನಿಮಿಷದ್ದು. ಆಫೀಸ್ ಯಂತ್ರದಿಂದ ಯಾವುದಾದರೂ ಎರಡು ಮೂರು ದೊಡ್ಡ ಮೇಲ್ ಸರ್ವರ್‌ಗಳ 25ಕ್ಕೆ ಟೆಲ್‌ನೆಟ್ ಮಾಡಿ. ಎಲ್ಲವೂ ಟೈಮ್ಡ್ ಔಟ್. ನಿಮ್ಮ ಹೋಸ್ಟಿಂಗ್ ಕಂಪನಿಯ 587ಕ್ಕೆ ಮಾಡಿ. ತಕ್ಷಣ "220" ಅಂತ ಸ್ವಾಗತ. ಅದೇ ಫೋನಿನ ಹಾಟ್‌ಸ್ಪಾಟಿನಿಂದಲೂ ಒಮ್ಮೆ ನೋಡಿ, ಆದರೆ ಮೊಬೈಲ್ ನೆಟ್‌ವರ್ಕಿನಲ್ಲೂ 25 ಮುಚ್ಚಿರಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ. ಮೂರನೆಯದು, ರೂಟರ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ನಿಮಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸವೇ ಇಲ್ಲ, ಒಂದು ವಿಳಾಸವನ್ನ ಹತ್ತಾರು ಮನೆಗಳು ಹಂಚಿಕೊಂಡಿವೆ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿವಿ4 ವಿಳಾಸ ಹಂಚುವ ಏಪಿನಿಕ್ 2011ರ ಏಪ್ರಿಲ್‌ನಲ್ಲೇ ಕೊನೆಯ ಗಂಟು ಬಿಚ್ಚಿತು. ಅದರ ಮುಂದಿನ ವರ್ಷ ಈ 100.64ರ ಹಂಚಿಕೆ ವಿಳಾಸಗಳನ್ನ ಎತ್ತಿಟ್ಟರು.

ಹೊರಗೆ ಹೋಗೋ ಮೇಲಿಗೆ ಪರಿಹಾರ ನಮ್ಮೂರ ಪೋಸ್ಟ್ ಆಫೀಸಿನಲ್ಲೇ ಇದೆ. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನವರು ದೆಹಲಿಯ ಪತ್ರವನ್ನ ತಾವೇ ದೆಹಲಿಗೆ ಒಯ್ಯಲ್ಲ. ಚೀಲಕ್ಕೆ ತುಂಬಿ, ಸೀಲ್ ಹಾಕಿ, ಮೇಲಿನ ಸಬ್ ಪೋಸ್ಟ್ ಆಫೀಸಿಗೆ ಕಳಿಸ್ತಾರೆ. ಮುಂದಿನದ್ದು ಅವರ ಜವಾಬ್ದಾರಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದರ ಹೆಸರು ರಿಲೇಹೋಸ್ಟ್. ಮೈನ್ ಡಾಟ್ ಸಿಎಫ್ ಫೈಲಿನಲ್ಲಿ ರಿಲೇಹೋಸ್ಟ್ ಅಂತ ಒಂದು ಸಾಲು, ಅದರಲ್ಲಿ ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರು ಚೌಕ ಆವರಣದೊಳಗೆ, ಪಕ್ಕದಲ್ಲಿ 587. ಆ ಚೌಕ ಆವರಣ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ದಾಖಲೆ ಹುಡುಕಿಕೊಂಡು ಬೇರೆ ಸರ್ವರಿಗೆ ಹೋಗಬಹುದು. ಹೆಸರು, ಪಾಸ್‌ವರ್ಡ್ ಬೇರೆ ಫೈಲಿನಲ್ಲಿ, ರೂಟ್ ಬಿಟ್ಟು ಯಾರೂ ಓದದ ಹಾಗೆ. ಅದನ್ನ ಪೋಸ್ಟ್‌ಮ್ಯಾಪ್‌ನಿಂದ ಟೇಬಲ್ ಮಾಡಬೇಕು. ಟಿಎಲ್‌ಎಸ್ ಕಡ್ಡಾಯ ಮಾಡಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಬಯಲಲ್ಲಿ ಹೋಗೋ ಅಪಾಯ. ಜೊತೆಗೆ ವಿಳಂಬದ ಎಚ್ಚರಿಕೆಯನ್ನ ನಾಲ್ಕು ಗಂಟೆಗೆ ಆನ್ ಮಾಡಿದೆ. ಇನ್ನು ಮುಂದೆ ಸೋಮವಾರದ ಸುದ್ದಿ ಸೋಮವಾರವೇ ಗೊತ್ತಾಗುತ್ತೆ.

ಇಷ್ಟಕ್ಕೆ ಮೇಲ್ ಹೊರಟಿತು, ಆದರೆ ಕೆಲಸ ಮುಗಿದಿರಲಿಲ್ಲ. ಡೊಮೈನಿನ ಎಸ್‌ಪಿಎಫ್ ದಾಖಲೆಯಲ್ಲಿ ಹಳೇ ಸ್ಟ್ಯಾಟಿಕ್ ಐಪಿಯೇ ಇತ್ತು. ಈಗ ಮೇಲ್ ಹೊರಡೋದು ಹೋಸ್ಟಿಂಗ್ ಸರ್ವರಿನಿಂದ. ಎಸ್‌ಪಿಎಫ್‌ನಲ್ಲಿ ಅವರನ್ನ ಸೇರಿಸದಿದ್ದರೆ ನಮ್ಮ ಪತ್ರವನ್ನ ನಮ್ಮ ಡೊಮೈನೇ "ಇವನು ನಮ್ಮವನಲ್ಲ" ಅಂದ ಹಾಗೆ. ಡಿಕಿಮ್ ಸಹಿ ಆಫೀಸಿನ ಯಂತ್ರದಲ್ಲೇ ಹಾಕಬಹುದು. ರಿಲೇಯವರು ಪತ್ರದ ಒಡಲನ್ನ ಮುಟ್ಟದಿದ್ದರೆ ಸಹಿ ಹಾಗೇ ಉಳಿಯುತ್ತೆ. ಇದೆಲ್ಲ ಈಗ ಐಚ್ಛಿಕ ಅಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಕಳಿಸುವವರ ಮೇಲಿನ ನಿಯಮ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ನಮ್ಮಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕೇ ಬೇಕು.

ಗೈಡುಗಳ ಬಗ್ಗೆ ಎರಡು ಮಾತು

"ಅರ್ಧ ಗಂಟೆಯಲ್ಲಿ ನಿಮ್ಮದೇ ಮೇಲ್ ಸರ್ವರ್" ಅನ್ನೋ ಜಾತಿಯ ಬರಹಗಳು ಸಾವಿರ ಇವೆ. ಅವುಗಳಲ್ಲಿ ಬಹಳಷ್ಟಕ್ಕೆ ಒಂದು ಸಾಮಾನ್ಯ ದೋಷ. ಓದುವವರ ಹತ್ತಿರ ತೆರೆದ 25, ಬದಲಾಗದ ಐಪಿ, ಅದಕ್ಕೊಂದು ರಿವರ್ಸ್ ಡಿಎನ್‌ಎಸ್ ಹೆಸರು, ಈ ಮೂರೂ ಇವೆ ಅಂತ ಮೊದಲೇ ನಂಬಿಕೊಂಡು ಶುರು ಮಾಡ್ತವೆ. ಬನ್ನಿಮಂಟಪದ ಆಫೀಸಿನಲ್ಲಿ ಮೂರೂ ಇಲ್ಲ. ಅಡುಗೆ ಪುಸ್ತಕ "ಮೊದಲು ಒಲೆ ಹಚ್ಚಿ" ಅಂತ ಹೇಳಿ ಸುಮ್ಮನಾಗಬಹುದು, ಗ್ಯಾಸ್ ಕನೆಕ್ಷನ್ನೇ ಇಲ್ಲದವರಿಗೆ ಅದು ಉಪಯೋಗಕ್ಕೆ ಬರಲ್ಲ.

ಎರಡನೇ ದೋಷ ಇನ್ನೂ ಕೆಟ್ಟದ್ದು. "25 ಬ್ಲಾಕ್ ಆಗಿದ್ದರೆ 2525ಕ್ಕೆ ಬದಲಾಯಿಸಿ" ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗ್ತಾರೆ. ಯಾವ ಕಡೆಯ 25? ನಾವು ರಿಲೇ ಕಂಪನಿಗೆ ಕೊಡುವಾಗ, ಆ ಕಂಪನಿ 2525 ತೆರೆದಿಟ್ಟಿದ್ದರೆ, ಸರಿ. ಆದರೆ ಹೊರಗಿನ ಜಗತ್ತು ನಮಗೆ ಮೇಲ್ ಕೊಡೋಕೆ ಬರೋವಾಗ 25ಕ್ಕೇ ಬರುತ್ತೆ. ಎಂಎಕ್ಸ್ ದಾಖಲೆಯಲ್ಲಿ ಸರ್ವರ್ ಹೆಸರು ಬರೆಯೋಕೆ ಜಾಗ ಇದೆ, ಪೋರ್ಟ್ ನಂಬರ್ ಬರೆಯೋಕೆ ಜಾಗವೇ ಇಲ್ಲ. ನಮ್ಮ ಮನೆ ಹಿಂಬಾಗಿಲಿಗೆ ಬೇರೆ ನಂಬರ್ ಹಾಕಿಕೊಂಡರೆ ಪೋಸ್ಟ್‌ಮ್ಯಾನಿಗೆ ಗೊತ್ತಾಗೋದು ಹೇಗೆ?

ಒಳಬರುವ ಮೇಲೂ ಸ್ವಂತ ಯಂತ್ರಕ್ಕೇ ಬೇಕು ಅನ್ನುವವರಿಗೆ ನೆಟ್ಟಗಿನ ದಾರಿ ಬೇರೆ. ಹೊರಗೊಂದು ಪುಟ್ಟ ವಿಪಿಎಸ್ ಬಾಡಿಗೆಗೆ ತಗೊಂಡು ಎಂಎಕ್ಸ್ ಅದಕ್ಕೆ ತೋರಿಸಬೇಕು. ಆಫೀಸಿನ ಯಂತ್ರದಿಂದ ಅದಕ್ಕೆ ವೈರ್‌ಗಾರ್ಡ್ ಸುರಂಗ ತೋಡಬೇಕು. ಸುರಂಗ ಒಳಗಿಂದ ಹೊರಕ್ಕೆ ಶುರುವಾಗೋದ್ರಿಂದ ಸಿಜಿನ್ಯಾಟ್ ಅಡ್ಡ ಬರಲ್ಲ. ಪತ್ರ ವಿಪಿಎಸ್‌ನ 25ರಲ್ಲಿ ಇಳಿದು, ಸುರಂಗದ ಮೂಲಕ ಬನ್ನಿಮಂಟಪದ ಡಿಸ್ಕಿಗೆ ಬರುತ್ತೆ. ಇಲ್ಲಿ ಕರೆಂಟ್ ಹೋದರೆ ವಿಪಿಎಸ್ ಸರದಿಯಲ್ಲಿ ಇಟ್ಟುಕೊಂಡು ಕಾಯುತ್ತೆ. ಆ ಐದು ದಿನದ ತಾಳ್ಮೆ ಇಲ್ಲಿ ನಮ್ಮ ಪರ. ಹೊರಹೋಗೋ ಮೇಲೂ ಅದರ ಮೂಲಕವೇ ಹೋಗಬೇಕಾದರೆ ಮಾತ್ರ ಮೊದಲೇ ವಿಚಾರಿಸಿ: ಅಮೆಜಾನ್, ಗೂಗಲ್ ಕ್ಲೌಡ್, ಡಿಜಿಟಲ್ ಓಶನ್‌ನಂಥವೂ ಹೊರಗಿನ 25ನ್ನ ಮುಚ್ಚಿಯೇ ಇಟ್ಟಿರ್ತವೆ. ಆದರೆ ಅವರ ಸಹಾಯ ಪುಟದಲ್ಲಿ ಅದನ್ನ ಬರೆದಿದ್ದಾರೆ. ಅಮೆಜಾನ್‌ನಲ್ಲಂತೂ ಕಾರಣ ಹೇಳಿ ತೆರೆಸಿಕೊಳ್ಳೋ ಅರ್ಜಿ ನಮೂನೆಯೂ ಇದೆ.

ಇನ್ನು "ಕಂಪನಿಯವರ ಹತ್ತಿರ ಜಗಳ ಆಡಿ 25 ತೆರೆಸಿದರೆ ಆಯ್ತಲ್ಲ" ಅನ್ನುವವರಿಗೆ: ಬರೀ ಅದರಿಂದ ಆಗಲ್ಲ. ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಅನ್ನೋ ಪಟ್ಟಿಯಲ್ಲಿ ಮನೆ ಕನೆಕ್ಷನ್‌ಗಳ ವಿಳಾಸ ಸಮೂಹಗಳೇ ಇರ್ತವೆ. ಎಷ್ಟೋ ಸಲ ಇಂಟರ್ನೆಟ್ ಕಂಪನಿಗಳೇ ಸೇರಿಸಿರ್ತಾರೆ. ಆ ಪಟ್ಟಿ ನೋಡುವ ಸರ್ವರ್‌ಗಳು ನಮ್ಮ ಪತ್ರವನ್ನ ಬಾಗಿಲಲ್ಲೇ ವಾಪಸ್ ಕಳಿಸ್ತವೆ. ರಿವರ್ಸ್ ಡಿಎನ್‌ಎಸ್ ಹೆಸರು ಇಡೋ ಅಧಿಕಾರವೂ ಐಪಿ ಕೊಟ್ಟವರದ್ದೇ. ಆದ್ದರಿಂದ ಸ್ಟ್ಯಾಟಿಕ್ ಐಪಿ, ರಿವರ್ಸ್ ಹೆಸರು, ತೆರೆದ 25 ಮೂರೂ ಒಟ್ಟಿಗೆ ಸಿಕ್ಕರಷ್ಟೇ ನೇರ ಕಳಿಸೋ ಮಾತು. ಅದು ಸಿಗೋ ತನಕ ರಿಲೇ ಮಾಡೋದೇ ಜಾಣತನ.

ಯಾಕೆ ಈ ಉಸಾಬರಿ?

ಎಲ್ಲರೂ ಕೇಳೋ ಪ್ರಶ್ನೆ ಇದು. ಜಿಮೇಲ್ ಇಲ್ವಾ? ಇದೆ. ಬಹಳ ಜನಕ್ಕೆ ಅದೇ ಸಾಕು, ನಾನೂ ಬಳಸ್ತೀನಿ. ಆದರೆ ಸಾಕು ಅನ್ನೋದು ಬೇರೆ, ಬೇರೆ ದಾರಿಯೇ ಇಲ್ಲ ಅನ್ನೋದು ಬೇರೆ.

ಮೈಸೂರಿಗೆ ಇದು ಹೊಸ ಕಥೆಯಲ್ಲ. ಈ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ, ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಪತ್ರ ಗಡಿ ದಾಟಬೇಕಾದಾಗ ದೊಡ್ಡ ಜಾಲ ಅನುಕೂಲವೇ. ಆದರೆ ಆ ದೊಡ್ಡ ಅಂಚೆ ಒಂದು ಸಾರ್ವಜನಿಕ ಇಲಾಖೆ. ಅದಕ್ಕೆ ಕಾನೂನಿತ್ತು, ಪ್ರಕಟವಾದ ದರಪಟ್ಟಿ ಇತ್ತು. ಇವತ್ತು ಇಮೇಲನ್ನ ಕೈಗೆ ತಗೊಳ್ತಿರೋದು ನಾಲ್ಕೈದು ಖಾಸಗಿ ಕಂಪನಿಗಳು. ಖಾತೆ ಲಾಕ್ ಆದರೆ ಮಾತಾಡೋಕೆ ಕೌಂಟರಿನ ಹಿಂದೆ ಮನುಷ್ಯರೂ ಇರಲ್ಲ.

ಕನ್ನಡದವರಿಗೆ ಇನ್ನೂ ಒಂದು ಕಾರಣ ಇದೆ. ಇಮೇಲ್ ವಿಳಾಸವನ್ನ ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳೋಕೆ ಬೇಕಾದ ನಿಯಮ ಆರ್‌ಎಫ್‌ಸಿ 6531, 2012ರಲ್ಲೇ ಬಂದಿದೆ. ಕನ್ನಡದಲ್ಲೇ "ಡಾಟ್ ಭಾರತ" ಅನ್ನೋ ಡೊಮೈನೂ ಇದೆ. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇದನ್ನ ಅರ್ಥ ಮಾಡಿಕೊಳ್ಳುತ್ತೆ. ಜಿಮೇಲ್ 2014ರಿಂದ ಇಂಥ ವಿಳಾಸಗಳಿಗೆ ಕಳಿಸುತ್ತೆ, ಅವುಗಳಿಂದ ತಗೊಳ್ಳುತ್ತೆ, ಆದರೆ ನಿಮಗೆ ಕನ್ನಡದಲ್ಲೊಂದು ಜಿಮೇಲ್ ಹೆಸರು ಕೊಡಲ್ಲ. ಬೇಕಾದರೆ ನಾವೇ ಸರ್ವರ್ ಹಾಕ್ಕೊಳ್ಳಬೇಕು. ಹಾಕ್ಕೊಳ್ಳೋಕೆ ದಾರಿ ಇರಬೇಕು.

ವಾಟ್ಸಾಪ್‌ಗೂ ಇಮೇಲ್‌ಗೂ ಇರೋ ವ್ಯತ್ಯಾಸ ಇದೊಂದೇ. ವಾಟ್ಸಾಪ್‌ನಲ್ಲಿ ನಾವು ಯಾವತ್ತೂ ಗಿರಾಕಿಗಳು. ಇಮೇಲಿನಲ್ಲಿ ಬೇಕಾದವರು ಅಂಚೆ ಕಚೇರಿ ತೆರೆಯಬಹುದು. ಎಲ್ಲರೂ ತೆರೆಯಬೇಕಾಗಿಲ್ಲ. ತೆರೆಯೋಕೆ ಆಗುತ್ತೆ ಅನ್ನೋದು ಉಳಿದಿದ್ದರೆ ದೊಡ್ಡವರಿಗೂ ಒಂದು ಹದ್ದು ಇರುತ್ತೆ.

ಕೇಳೋದು ಇಷ್ಟೇ

ನೆಟ್ ನ್ಯೂಟ್ರಾಲಿಟಿ ಬಗ್ಗೆ ನಾವೆಲ್ಲ 2015-16ರಲ್ಲಿ ಟ್ರಾಯ್‌ಗೆ ಮೇಲ್ ಮೇಲೆ ಮೇಲ್ ಕಳಿಸಿದ್ವಿ. ಟ್ರಾಯ್ 2017ರ ನವೆಂಬರ್‌ನಲ್ಲಿ ಶಿಫಾರಸು ಕೊಟ್ಟಿತು, ದೂರಸಂಪರ್ಕ ಇಲಾಖೆ 2018ರಲ್ಲಿ ಅದನ್ನ ಒಪ್ಪಿ ಲೈಸೆನ್ಸ್ ಷರತ್ತಿಗೆ ಸೇರಿಸಿತು. ಟ್ರಾಫಿಕ್ ನಿರ್ವಹಣೆಗೆ ಅದರಲ್ಲಿ ಅವಕಾಶ ಇದೆ, ಆದರೆ ಅದು ಅಳತೆ ಮೀರಬಾರದು, ಪಾರದರ್ಶಕವಾಗಿರಬೇಕು ಅನ್ನೋ ಮಾತೂ ಇದೆ. ಆಗಿನ ಚರ್ಚೆಯೆಲ್ಲ ಯಾವ ಆಪ್ ಫ್ರೀ, ಯಾವ ವೆಬ್‌ಸೈಟ್ ನಿಧಾನ ಅನ್ನೋದರ ಸುತ್ತ ನಡೀತು. ನೋಡೋದಕ್ಕೆ, ಡೌನ್‌ಲೋಡ್ ಮಾಡೋದಕ್ಕೆ ನಮಗಿರೋ ಹಕ್ಕಿನ ಬಗ್ಗೆ ಗಟ್ಟಿಯಾಗಿ ಮಾತಾಡಿದ್ವಿ. ಕಳಿಸೋ ಹಕ್ಕಿನ ಬಗ್ಗೆ ಅಷ್ಟಾಗಿ ಮಾತಾಡಲಿಲ್ಲ.

25ನ್ನು ಮುಚ್ಚೋ ಕಂಪನಿಗಳಿಂದ ನಾನು ಕೇಳೋದು ನಾಲ್ಕೇ. ಒಂದು, ಪ್ಲಾನ್ ಮಾರುವಾಗ ಯಾವ ಪೋರ್ಟ್ ಮುಚ್ಚಿದೆ, ಸಾರ್ವಜನಿಕ ಐಪಿ ಇದೆಯೋ ಇಲ್ಲವೋ ಅಂತ ಬರೆದು ಕೊಡಿ. "ಅನ್‌ಲಿಮಿಟೆಡ್" ಬರೆಯೋಕೆ ಜಾಗ ಇದ್ದ ಪಾಂಪ್ಲೆಟ್‌ನಲ್ಲಿ ಇದಕ್ಕೂ ಒಂದು ಸಾಲು ಜಾಗ ಇರುತ್ತೆ. ಎರಡು, ನುಂಗಬೇಡಿ, "ನಿಷೇಧ" ಅಂತ ವಾಪಸ್ ಹೇಳಿ. ರೂಟರಿನಲ್ಲಿ ಅದಕ್ಕೆ ಒಂದು ಪದದ ಬದಲಾವಣೆ ಸಾಕು. ಮೂರು, 587 ಮತ್ತು 465ನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ನಾಲ್ಕು, ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ತಗೊಳ್ಳುವ ಗ್ರಾಹಕ ಕೇಳಿದರೆ 25ನ್ನು ತೆರೆದುಕೊಡಿ, ರಿವರ್ಸ್ ಹೆಸರನ್ನೂ ಕೊಡಿ; ಅವನು ಸ್ಪ್ಯಾಮ್ ಕಳಿಸಿದರೆ ಆಗ ಮುಚ್ಚಿ. ಹೆಸರು, ವಿಳಾಸ, ಆಧಾರ್ ಕಾರ್ಡ್ ಎಲ್ಲ ನಿಮ್ಮ ಹತ್ತಿರವೇ ಇದೆಯಲ್ಲ.

ಗ್ರಾಹಕರಿಗೂ ಒಂದು ಮಾತು. ದೂರು "ಬಗೆಹರಿದಿದೆ" ಅಂತ ಮೆಸೇಜ್ ಬಂದರೆ ಅಲ್ಲಿಗೆ ಬಿಡಬೇಡಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ದೊಡ್ಡ ಕಂಪನಿಗಳಲ್ಲಿ ದೂರು ಕೇಂದ್ರದ ಮೇಲೆ ಮೇಲ್ಮನವಿ ಪ್ರಾಧಿಕಾರ ಅಂತ ಇನ್ನೊಂದು ಹಂತ ಇರಬೇಕು. ದೂರಿನ ನಂಬರ್ ಇಟ್ಟುಕೊಂಡು, ಲಾಗಿನ ನಾಲ್ಕು ಸಾಲು ಅಂಟಿಸಿ, ಅಲ್ಲಿಗೆ ಬರೆಯಿರಿ. ನಾವೂ ಬರೆದಿದ್ದೀವಿ. 25 ತೆರೆಯಿರಿ ಅಂತ ಕೇಳಿಲ್ಲ. ಯಾವ್ಯಾವ ಪೋರ್ಟ್ ಮುಚ್ಚಿದ್ದೀರಿ, ಯಾವತ್ತಿಂದ, ಎಲ್ಲಿ ಪ್ರಕಟಿಸಿದ್ದೀರಿ ಅಂತ ಮೂರು ಪ್ರಶ್ನೆ ಕೇಳಿದ್ದೀವಿ. ಇದನ್ನ ಬರೆಯೋ ಹೊತ್ತಿಗೆ ಉತ್ತರ ಬಂದಿಲ್ಲ. ಬೌನ್ಸ್ ಕೂಡ ಆಗಿಲ್ಲ, ಅಂದ್ರೆ ಪತ್ರವಂತೂ ತಲುಪಿದೆ.